ತಾಯಿಮಾತಿನಲ್ಲಿ ನಾಪಾಸು

ನನಗೆ ತುಳು ಬರುತ್ತದೆ ಎಂದು ಹೈಸ್ಕೂಲು ಸರ್ಟಿಫಿಕೇಟಿನಲ್ಲಿ ಒಂದು ಸಾಲು ಬರೆಸಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ! ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತೇನೆಂದು ಅಮ್ಮನಿಗೆ ಹೇಳಿ ಪಡೀಲಿನ ಮನೆಯಿಂದ ಹೊರಟೆ.

ಆಗ ಬ್ರಿಟಿಷರ ಕಾಲ. ಮಂಗಳೂರಿನ ಕೋರ್ಟಿನಲ್ಲಿ ದುಭಾಷಿಯ ಕೆಲಸ ಖಾಲಿ ಇತ್ತು. ಸಾಕ್ಷಿ ನುಡಿಯುವ ಜನ ತುಳುವಿನಲ್ಲಿ ನುಡಿಯುತ್ತಿದ್ದರು. ಬರೆದುಕೊಳ್ಳುವವರಿಗೆ ಅದು ಕನ್ನಡ, ಇಂಗ್ಲಿಷುಗಳಲ್ಲಿ ಬೇಕಿತ್ತು. ನನ್ನ ಸರ್ಟಿಫಿಕೇಟಿನಲ್ಲಿ ಇಂಗ್ಲಿಷಿತ್ತು, ಕನ್ನಡವಿತ್ತು. ಹುಟ್ಟಿದಂದಿನಿಂದ ಆಡಿದ ತುಳು ಮಾತ್ರ ಇರಲಿಲ್ಲ. ಅರ್ಜಿ ತೆಗೆದುಕೊಂಡ ಗುಮಾಸ್ತರೂ ತುಳುವರೇ. ನನಗೆ ತುಳು ಬರುವುದಕ್ಕೆ ದಾಖಲೆ ಇಲ್ಲವೆಂದು ಅವರು ನನಗೆ ತುಳುವಿನಲ್ಲೇ ವಿವರಿಸಿದರು. ಪೂರ್ತಿ ಅರ್ಥವಾಯಿತು!

ಆದ್ದರಿಂದ ನಾನು ಓದಿದ ಶಾಲೆಯ ಹೆಡ್ಮಾಸ್ಟರ ಮುಂದೆ ಹೋಗಿ ನಿಂತೆ. ಪರೀಕ್ಷಿಸದೆ ಬರೆಯುವ ಅಧಿಕಾರ ತಮಗಿಲ್ಲವೆಂದರು. ಅಷ್ಟಕ್ಕೇ ಕೈಮುಗಿದು ಬರಬೇಕಿತ್ತು. ಹಾಗಾದರೆ ಪರೀಕ್ಷಿಸಿ ಎಂದು ಧೀರನಂತೆ ನುಡಿದುಬಿಟ್ಟೆ.

ಪರೀಕ್ಷಕರನ್ನು ಎಲ್ಲಿಂದ ತರುವುದು? ಊರು ತುಂಬ ತುಳುವರಿದ್ದರು, ಆದರೆ ತುಳು ಬರುತ್ತದೆಂಬ ಸರ್ಟಿಫಿಕೇಟು ಅವರಲ್ಲಿ ಯಾರ ಬಳಿಯೂ ಇರಲಿಲ್ಲ. ಕೊನೆಗೆ ತಂಜಾವೂರು ಕಡೆಯ ನಿವೃತ್ತ ತಹಶೀಲ್ದಾರರೊಬ್ಬರು ಸಿಕ್ಕಿದರು. ನೌಕರಿಯಲ್ಲಿದ್ದಾಗ ಇಲಾಖೆಯ ತುಳು ಪರೀಕ್ಷೆ ಪಾಸು ಮಾಡಿದ್ದವರು. ಮುಂದಿನ ವಾರ ಬರಲು ಒಪ್ಪಿದರು. ಓದಿಕೊಳ್ಳುವುದಿಲ್ಲವೇ ಎಂದು ಅಮ್ಮ ಕೇಳಿದಳು. ನಾನು ನಕ್ಕೆ.

ಪರೀಕ್ಷೆ ಹೆಡ್ಮಾಸ್ಟರ ಕೋಣೆಯಲ್ಲೇ ನಡೆಯಿತು. ನಿನ್ನ ಮನೆಯ ವಿಚಾರ ತುಳುವಿನಲ್ಲಿ ಹೇಳು ಎಂದರು ತಹಶೀಲ್ದಾರರು. ಪರೀಕ್ಷೆಯ ತುಳು ಅಂದಮೇಲೆ ಅದಕ್ಕೊಂದು ಗಾಂಭೀರ್ಯ ಬೇಡವೇ? "ಎನ್ನ ನಿವಾಸಸ್ಥಾನ ನಗರದ ಪೂರ್ವಭಾಗೊಡು ಉಂಡು" ಎಂದೆ.

"ಇದರಲ್ಲಿ ತುಳು ಎಲ್ಲಿ ಉಂಟು?" ಎಂದು ಕೇಳಿದರು ತಹಶೀಲ್ದಾರರು.

"ಕೊನೆಯಲ್ಲಿ ಉಂಟು ಸಾರ್."

ಮನೆಯಲ್ಲಿ ಆಡುವ ಹಾಗೆ ಆಡು ಎಂದರು. ಬಾಯಿ ತೆರೆದೆ. ಎದುರಿಗೆ ಹೆಡ್ಮಾಸ್ಟರು ಕುಳಿತಿದ್ದರು. ಅವರ ತರಗತಿಯಲ್ಲಿ ಒಂದು ತುಳು ಮಾತು ಉದುರಿದರೆ ಅಂಗೈಗೆ ಬೆತ್ತದ ಏಟು ಬೀಳುತ್ತಿತ್ತು. ಮೀಸೆ ಬಂದಿದ್ದ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮೂಕನಾದೆ!

ತಹಶೀಲ್ದಾರರಿಗೆ ಕನಿಕರವಾಯಿತು. ಅತಿ ಸುಲಭದ್ದೊಂದನ್ನು ಕೊಟ್ಟರು. "ಆಯೆ ಕೋರಿ ಕಂಡ್ಯೆ" ಎಂಬುದನ್ನು ಕನ್ನಡದಲ್ಲಿ ಹೇಳಬೇಕು. ಕನ್ನಡ ಎಂದ ಕೂಡಲೇ ನನಗೆ ಧೈರ್ಯ ಬಂತು. "ಅವನು ಕೋಳಿಯನ್ನು ಕಂಡನು" ಎಂದು ಗಟ್ಟಿಯಾಗಿ ಹೇಳಿದೆ.

ತುಳುವಿನಲ್ಲಿ ಕಂಡ್ಯೆ ಎಂದರೆ ಕದ್ದ ಎಂದರ್ಥ. ಪಡೀಲಿನ ಕೋಳಿಗಳಿಗೂ ಅದು ಗೊತ್ತು.

"ಕದ್ದವ ಬರೇ ನೋಡಿದ್ದು ಅಂತ ಆಯ್ತಲ್ಲ ಮಾರಾಯ," ಎಂದರು ತಹಶೀಲ್ದಾರರು ಮೆಲ್ಲಗೆ. "ಇನ್ನು ಕೋರ್ಟು ಅವನನ್ನು ಬಿಡದೆ ಎಂತ ಮಾಡುವುದು?"

ಹೆಡ್ಮಾಸ್ಟರು ಸರ್ಟಿಫಿಕೇಟು ಎಳೆದುಕೊಂಡು, ಮುತ್ತಿನಂಥ ಅಕ್ಷರಗಳಲ್ಲಿ, ಇವನಿಗೆ ತುಳು ಜ್ಞಾನ ಸಾಲದು ಎಂದು ಇಂಗ್ಲಿಷಿನಲ್ಲಿ ಬರೆದರು. ಖಾಲಿ ಇದ್ದ ಜಾಗಕ್ಕೆ ಮೊಹರು ಬಿತ್ತು. ಅಳಿಸಿಕೊಡಿ ಎಂದು ಬೇಡಿದೆ. ಅಳಿಸಿದರೆ ಇಡೀ ಸರ್ಟಿಫಿಕೇಟೇ ರದ್ದಾಗುತ್ತದೆ, ಬರೆಸಿಕೊಂಡವನು ನೀನೇ ಅಲ್ಲವೇ ಎಂದರು. ಅದೂ ನಿಜ. ವರ್ಷಗಟ್ಟಲೆ ಬೆತ್ತ ಹಿಡಿದು ಮಾಡಿದ ಕೆಲಸಕ್ಕೆ ಅವರು ಅಂದು ರುಜು ಹಾಕಿದರು, ಅಷ್ಟೆ. ರುಜು ಹಾಕಿಸಲು ಮೈಲಿಗಟ್ಟಲೆ ನಡೆದು ಬಂದವನು ನಾನು! ದುಭಾಷಿಯ ಕೆಲಸದ ಕಥೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದಾಗ ಅಮ್ಮ ಗಂಜಿ ಬಡಿಸುತ್ತಿದ್ದಳು. ತುಳುವಿನಲ್ಲಿ ನಾಪಾಸಾದೆ ಎಂದೆ. ತಮಾಷೆಯೆಂದು ಮೊದಲು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಯಾನ್ ಕಲ್ಪಾಯಿನ ತಪ್ಪಾ ಮಗಾ?" ಎಂದಳು. ನಾನು ಕಲಿಸಿದ್ದು ತಪ್ಪಾಯಿತಾ ಎಂದು.

ಹಾಗಲ್ಲ, ದೋಷವೆಲ್ಲ ನನ್ನದು, ನಿನ್ನ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ ಎಂದು ಸುದೀರ್ಘವಾಗಿ ಸಮಾಧಾನ ಹೇಳಿದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಅಷ್ಟನ್ನೂ ಹೇಳಿದ್ದು ಕನ್ನಡದಲ್ಲಿ.

ಅಮ್ಮನಿಗೆ ಕನ್ನಡ ಬಾರದು. ಸೌಟು ಹಿಡಿದುಕೊಂಡು, ಕಚೇರಿಯ ಸಾಹೇಬರ ಮುಂದೆ ನಿಂತವಳ ಹಾಗೆ, ವಿನಯದಿಂದ ತಲೆಯಾಡಿಸಿದಳು.