ಮಗ್ಗದ ಓಣ್ಯಾಗ ರಾಕ್ ಬ್ಯಾಂಡು

ಹಾಡು ರೆಕಾರ್ಡ್ ಮಾಡೋ ಧಂದೇಕ ಬಿದ್ದಾಂವ, ಇವತ್ತರ ಗಂಭೀರ ಇರೋಣು ಅಂತ ಆಣಿ ಮಾಡಿ ಬಾಗಲಾ ತಗದ್ರೂ ಉಪಯೋಗಿಲ್ಲ. ಚಾ ಕುಡಿಯೋದ್ರೊಳಗ ಏನರ ಒಂದು ಆಗೇ ಆಗತೈತಿ.

ಬನಹಟ್ಟ್ಯಾಗ ನಂದೊಂದು ಸಣ್ಣ ಸ್ಟುಡಿಯೋ ಐತಿ. ಮೊದಲ ಅದು ಮಗ್ಗದ ಶೆಡ್ಡು. ಭಜನಿ, ಡೊಳ್ಳಿನ ಪದ, ಇಲೆಕ್ಷನ್ ಪ್ರಚಾರ, ಎಲ್ಲಾ ಮಾಡೇನಿ. ಆದ್ರ ಹೋದ ವರ್ಷ ನಮ್ಮ ನಾಕೂ ತಾಲೂಕಿನ್ಯಾಗ ಹೆಸರಾದ ರಾಕ್ ಬ್ಯಾಂಡೇ ಬಂದು ಬಾಗಲಾಗ ನಿಂತಿತು. ಮುಧೋಳದಾಗ ಇವರ ಪ್ರೋಗ್ರಾಮ್ ಅಂದ್ರ ಜಮಖಂಡಿ, ಬೀಳಗಿ ಮಂದಿ ಟೆಂಪೋ ಮಾಡ್ಕೊಂಡು ಬರತಿದ್ರು. ನಾಕ ಮಂದಿ ಹುಡುಗರು: ಹಾಡಾಂವ, ಡ್ರಮ್ ಬಾರಸಾಂವ, ಗಿಟಾರಿನಾಂವ, ಬೇಸ್ ಗಿಟಾರಿನಾಂವ.

ಸ್ಟೇಜ್ ಮ್ಯಾಲ ಬೆಂಕಿ. ಆದ್ರ ಬ್ಯಾರೆ ಊರಾಗ ಎರಡು ಸಲ ರೆಕಾರ್ಡ್ ಮಾಡಿಸಿದಾಗ ಎರಡೂ ಸಲ ಹಾಡು ಆರಿದ ಝುಣಕದಂಗ ಆಗಿದ್ವು. ಜನ ಅರ್ಧ ಕೇಳಿ ಬಂದ್ ಮಾಡತಿದ್ರಂತ. ಈ ಸಲನೂ ಹಂಗ ಆದ್ರ ಬ್ಯಾಂಡ್ ಮುಚ್ಚಿಬಿಡತೇವ್ರಿ ಅಂದ್ರು. ಬೇಸಿನಾಂವಂದು ಸಕ್ಕರಿ ಕಾರ್ಖಾನ್ಯಾಗ ನೌಕರಿ. ಕಬ್ಬಿನ ಹಂಗಾಮು ಶುರುವಾತಂದ್ರ ಅಂವ ಕೈಗೆ ಸಿಗೂದಿಲ್ಲ. ಉಳಿದದ್ದು ಇಪ್ಪತ್ತು ದಿನ, ಆಗಬೇಕಾದ್ದು ಐದು ಹಾಡು. ಆಗೂತನಕ ನಾನೂ ಬಿಡೂದಿಲ್ಲ, ನಿಮ್ಮನ್ನೂ ಬಿಡೂದಿಲ್ಲ ಅಂದ್ನಿ.

೧. ಕರೆಂಟಿನ ತಕರಾರು

ನಮ್ಮ ಓಣ್ಯಾಗ ಹಗಲೂ ರಾತ್ರಿ ಪಾಳಿ ಮ್ಯಾಲ ಮಗ್ಗ ನಡೀತಾವು. ಗೋಡಿಗೆ ಮನ್ಯಾಗಿನ ಹೊಚ್ಚಿಗೊಳ್ಳೂ ಕೌದಿ ಎಲ್ಲಾ ಬಡದ್ರೂ ಖಟಪಟ ಸಪ್ಪಳ ಮೈಕಿನ್ಯಾಗ ಬಂದು ಕುಂಡರತೈತಿ. ಭಜನ್ಯಾಗ ತಾಳದ ಜೋಡಿ ಅದು ಮುಚ್ಚಿಹೋಗತಿತ್ತು, ಇವರ ಹಾಡಿನ್ಯಾಗ ಮುಚ್ಚವಲ್ದು. ಬಾಜೂ ಮಗ್ಗದ ಮಾಲಕರ ಕಡೆ ಹೋಗಿ, ದಿನಕ್ಕೊಂದು ತಾಸು ಬಂದ್ ಇಡ್ರಿ ಅಂತ ಕೈ ಮುಗದ್ನಿ. ಅವರು ಸಿಟ್ಟಾಗಲಿಲ್ಲ. ನೀ ಹೇಳಿದ್ರ ಬಂದ್ ಮಾಡೂದಿಲ್ಲಪಾ, ಕರೆಂಟ್ ಹೋದ್ರ ಮಾಡತೇನಿ ಅಂದ್ರು.

ಅಷ್ಟ ಸಾಕಾತು ನನಗ. ದೊಡ್ಡ ಬ್ಯಾಟರಿ ತಂದು ಇಟ್ನಿ. ಕರೆಂಟ್ ಹೋತಂದ್ರ ಓಣ್ಯಾಗಿನ ಮಗ್ಗ ಎಲ್ಲಾ ನಿಲ್ಲತಾವು, ನಮ್ಮ ಮಷೀನು ಬ್ಯಾಟರಿ ಮ್ಯಾಲ ನಡೀತೈತಿ. ಮುಂಜಾನೆಯಿಂದ ನಾಕೂ ಮಂದಿ ತಯಾರಾಗಿ ಬಲ್ಬ್ ನೋಡಕೋತ ಕುಂಡರೋರು. ಬಲ್ಬ್ ಆರಿತಂದ್ರ ಓಣಿ ಮಂದಿ ಥೂ ಅನ್ನತಿದ್ರು, ನಾವು ಕುಣೀತಿದ್ವಿ.

ನಮ್ಮ ಹಣೇಬರ ನೋಡ್ರಿ, ಎರಡು ದಿನಕ್ಕ ಓಣಿಗೆ ಹೊಸಾ ತಂತಿ ಎಳದ್ರು. ಆಮ್ಯಾಲ ಆರು ದಿನ ಬಲ್ಬ್ ಕಣ್ಣ ಸುದ್ದಾ ಮಿಟಕಿಸಲಿಲ್ಲ. ಏಳನೇ ದಿನ ಹಾಡಾಂವನ್ನ ಕರಕೊಂಡು ಕರೆಂಟ್ ಆಫೀಸಿಗೆ ಹೋದ್ನಿ. ನಾವು ಬಾಯಿ ತಗಿಯೂ ಮೊದಲ ಸಾಹೇಬ್ರು, ಇನ್ನೊಂದು ತಾಸಿನ್ಯಾಗ ಬರತೈತ್ರಿ ಅಂದ್ರು.

"ಬಂದೈತ್ರಿ ಸಾಹೇಬ್ರ. ಹೋಗವಲ್ದು, ಅದ ನಮ್ಮ ತಕರಾರು" ಅಂದ್ನಿ.

ಅವರು ಚಸ್ಮಾ ತಗದು ನಮ್ಮಿಬ್ಬರನ್ನೂ ನೋಡಿದ್ರು. ಕುಂಡ್ರಿಸಿ ಚಾ ತರಸಿದ್ರು. ಪೂರಾ ಕತಿ ಕೇಳಿ, ನಾಡದಿಂದ ನಾಕ ದಿನ ಲೈನ್ ಕೆಲಸ ಐತಿ, ಮುಂಜಾನೆ ಹತ್ತರಿಂದ ಎರಡರತನಕ ಕರೆಂಟ್ ಇರೂದಿಲ್ಲ, ಮಾಡ್ಕೋರಿ ಅಂತ ಸುದ್ದಿ ಕೊಟ್ರು. ಕಾಲಿಗೆ ಬೀಳೂದೊಂದು ಬಾಕಿ ಇತ್ತು. ಹೊಂಟಾಗ ಮಾತ್ರ ಒಂದು ಖಾಲಿ ಹಾಳಿ ಮುಂದ ಸರಿಸಿ, ತಕರಾರು ಬರದು ಸಹಿ ಮಾಡಿ ಹೋಗ್ರಿ, ರಿಟೈರ್ ಆದ ಮ್ಯಾಲ ಚೌಕಟ್ಟು ಹಾಕಿಸಿ ಮನ್ಯಾಗ ಇಡತೇನಿ ಅಂದ್ರು.

೨. ಡ್ರಮ್ ನಿಂತದ್ದು

ಡ್ರಮ್ ಬಾರಸಾಂವ ರಬಕವಿಯಾಂವ, ನೇಕಾರರ ಮನಿ ಹುಡುಗ. ಕೈಯಾಗ ಕಸುವು ಐತಿ, ಆದ್ರ ಅವನ ಹಾಡು ನಡಕೋತ ಹೊಂಟು ಓಡಕೋತ ಮುಗೀತಿತ್ತು. ಸ್ಟೇಜ್ ಮ್ಯಾಲ ಅದಕ್ಕ ಮಂದಿ ಕುಣೀತಾರ. ರೆಕಾರ್ಡಿನ್ಯಾಗ ಉಳಿದ ಮೂರು ಮಂದಿ ತೇಕು ಹತ್ತಿ ಹಿಂದ ಉಳೀತಾರ. ಅದಕ್ಕ ಅವನ ಕಿವ್ಯಾಗ ಹೆಡ್‌ಫೋನ್ ಹಾಕಿ, ತಾಳ ಹಿಡಿಯಾಕ ಮಷೀನಿನ ಟಿಕ್ ಟಿಕ್ ಸಪ್ಪಳ ಬಿಟ್ನಿ. ಅರ್ಧ ನಿಮಿಷಕ್ಕ ಕೋಲು ಕೆಳಗಿಟ್ಟು, "ಸರ್, ನಿಮ್ಮ ಟಿಕ್ ಟಿಕ್ ಹಿಂದ ಬೀಳಾಕತ್ತೈತಿ, ಅದಕ್ಕ ಸ್ವಲ್ಪ ಹೇಳ್ರಿ" ಅಂದ. ಮಷೀನು ತಪ್ಪೂದಿಲ್ಲೋ ಮಾರಾಯಾ ಅಂದ್ರ, ಮಷೀನು ನಿಮ್ಮದು, ನೀವು ಅದರ ಪರವಾಗೇ ಮಾತಾಡತೀರಿ ಅಂತ ನನಗ ತಿರುಗಿಬಿದ್ದ.

ಸಿಟ್ಟು ನೆತ್ತಿಗೇರಿತ್ತು, ಆದ್ರ ಬಿಡಾಂವ ನಾನಲ್ಲ. ಚಾಕ್ಕ ಕುಂತಾಗ ಅವನ ಬೆರಳು ನೋಡಿದ್ನಿ. ತನ್ನಷ್ಟಕ್ಕ ತಾನ ತೊಡಿ ಮ್ಯಾಲ ಬಡಿಯಾಕತ್ತಿತ್ತು, ಬಾಜೂ ಮಗ್ಗದ ತಾಳಕ್ಕ, ಕೂದಲೆಳಿ ಅಷ್ಟೂ ತಪ್ಪದ. ಹುಟ್ಟಿದಾಗಿಂದ ತೊಟ್ಟಿಲದಾಗ ಕೇಳಿದ್ದು ಅದನ್ನ. ಅವತ್ತ ಮೈಕ್ ಒಯ್ದು ಬಾಜೂ ಮಗ್ಗದ ಸಪ್ಪಳ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡ್ನಿ. ಮರದಿನ ಕರೆಂಟ್ ಹೋದ ಕೂಡಲೆ ಟಿಕ್ ಟಿಕ್ ತಗದು ಅದನ್ನ ಅವನ ಕಿವಿಗೆ ಬಿಟ್ನಿ.

ಏನ ಬಾರಿಸಿದ್ನ್ರೀ ಹುಡುಗ! ನನ್ನ ಮೈಮ್ಯಾಲ ಮುಳ್ಳೆದ್ವು. ಹಾಡು ಪೂರಾ ಏರಿದಾಗ, ಇನ್ನೇನ ಮುಗೀತು ಅನ್ನೂದ್ರೊಳಗ ಗಪ್ಪನ ನಿಂತ. ಮಷೀನು ನೋಡಿದ್ನಿ, ಬ್ಯಾಟರಿ ನೋಡಿದ್ನಿ, ಎಲ್ಲಾ ಬರೋಬ್ಬರಿ ಐತಿ. ಅಂವ ಕೋಲು ತೊಡಿ ಮ್ಯಾಲಿಟ್ಟು, ಹೆಡ್‌ಫೋನ್ ಕಿವಿಗೆ ಒತ್ತಿ ಹಿಡದು ಆರಾಮ ಕುಂತಾನ. ಯಾಕಲೇ ಅಂದ್ನಿ.

"ಎಳಿ ಕಡೀತ್ರಿ, ಮಗ್ಗ ನಿಂತೈತಿ. ಅವರು ಗಂಟ ಹಾಕಲಿ, ಶುರುವಾದ ಮ್ಯಾಲ ಬಾರಸ್ತೇನಿ" ಅಂದ.

೩. ಸ್ವಲ್ಪ ಏರಿಸೋದು

ನಾಕ ಹಾಡು ತಯಾರಾಗಿ ಎಲ್ಲಾರಿಗೂ ಕೇಳಾಕ ಕಳಿಸಿದ್ನಿ. ಮೊದಲ ಗಿಟಾರಿನಾಂವ ಫೋನ್ ಮಾಡಿದ. ಎಲ್ಲಾ ಛಲೋ ಐತಿ, ನನ್ನ ಗಿಟಾರ್ ಸ್ವಲ್ಪ ಏರಸ್ರಿ, ಉಳಿದವರಿಗೆ ಹೇಳಬ್ಯಾಡ್ರಿ ಅಂದ. ಏರಿಸಿದ್ನಿ. ಆಮ್ಯಾಲ ಡ್ರಮ್ಮಿನಾಂವ, ಆಮ್ಯಾಲ ಬೇಸಿನಾಂವ, ಕಡೀಕ ಹಾಡಾಂವ. ಎಲ್ಲಾರದೂ ಅದ ಮಾತು, ಎಲ್ಲಾರದೂ ಗುಟ್ಟು. ನಾಕೂ ಮಂದೀದು ಅಷ್ಟಷ್ಟ ಏರಿಸಿ ಕಳಿಸಿದ್ನಿ. ಹಾಡು ಮೊದಲಿದ್ದಂಗ ಇತ್ತು, ಸಪ್ಪಳ ಅಷ್ಟ ಹೆಚ್ಚಾಗಿತ್ತು. ನಾಕೂ ಮಂದಿ ಬ್ಯಾರೆ ಬ್ಯಾರೆ ಫೋನ್ ಮಾಡಿ, ಈಗ ನೋಡ್ರಿ ನಂದು ಕೇಳಸಾಕತ್ತು, ಉಳಿದವರದು ಹದಕ್ಕ ಬಂತು ಅಂದ್ರು.

೪. ಅವ್ವನ ಕೂಗು

ಉಳಿದದ್ದು ಐದನೇ ಹಾಡು, ಅದರಾಗೂ ಹಾಡಾಂವನ ದನಿ ಒಂದ. ಬೇಸಿನಾಂವ ಮರದಿನ ಡ್ಯೂಟಿಗೆ ಹಾಜರಾಗಬೇಕು. ಇದು ಕಡೀ ದಿನ, ಪುಣ್ಯಕ್ಕ ಕರೆಂಟ್ ಹೋಗಿ ಮಗ್ಗನೂ ನಿಂತಿದ್ವು.

ಹಾಡಾಂವ ಮುಧೋಳ ಕಡೆ ಕುರಿ ಕಾಯೋ ಮನಿಯಾಂವ, ಬೀರಪ್ಪನ ಒಕ್ಕಲು. ಸ್ಟೇಜ್ ಮ್ಯಾಲ ಅವನ ದನಿಗೆ ಕಂಬ ಅಳ್ಳಾಡತಾವು. ಆದ್ರ ಕೌದಿ ಬಡದ ಸಣ್ಣ ಖೋಲ್ಯಾಗ ಒಬ್ಬನ್ನ ನಿಲ್ಲಿಸಿದ್ರ, ಹೆಡ್ ಮಾಸ್ತರಿಗೆ ರಜಾ ಕೇಳಿದಂಗ ಹಾಡತಿದ್ದ. ಮತ್ತೊಮ್ಮೆ ಅಂದ್ನಿ. ಮತ್ತೊಮ್ಮೆ ಅಂದ್ನಿ. ಇಪ್ಪತ್ತು ದಾಟಿದ ಮ್ಯಾಲ ಎಣಸೂದು ಬಿಟ್ನಿ. ಅಂವ ಹೆಡ್‌ಫೋನ್ ತಗದು ಹೊರಗ ಬಂದ.

"ಬಿಡ್ರಿ ಸರ್. ನಮ್ಮ ಬ್ಯಾಂಡು ಇಲ್ಲಿಗೆ ಮುಗೀತು."

ಹುಡುಗರ ಊಟಕ್ಕ ರೊಟ್ಟಿ ಗಂಟು ತಂದ ಅವನ ಅವ್ವ ಮೂಲ್ಯಾಗ ಕುಂತಿದ್ಲು. ಏನಾತ ಯಪ್ಪಾ ಅಂದ್ಲು. ನಾ ಹೆಡ್‌ಫೋನ್ ಆಕಿ ಕಿವಿಗೆ ಹಾಕಿ ಮಗನ ಹಾಡು ಕೇಳಿಸಿದ್ನಿ. ಒಂದು ನಿಮಿಷ ಕೇಳಿ, ಎದ್ದು, ಮಗನ ರಟ್ಟಿ ಹಿಡದು ಸಣ್ಣ ಖೋಲಿಗೆ ಎಳಕೊಂಡು ಹೋದ್ಲು.

"ಎದುರಿಗೆ ಮಂದಿ ಇಲ್ಲಂತ ದನಿ ಬರವಲ್ದೇನಲೇ? ಗುಡ್ಡದಾಗ ನಿನ್ನ ಎದುರಿಗೆ ಯಾರಿದ್ರು? ಕುರಿ ಆಚೆ ದಿನ್ನೀ ಮ್ಯಾಲ ಇದ್ವು, ನೀ ಕರದ್ರ ಬರತಿದ್ವು. ಹಂಗ ಕರಿ."

ನಾ ಹೆಡ್‌ಫೋನ್ ಅವನ ಕಿವಿಗೆ ಹಾಕಿ ರೆಕಾರ್ಡ್ ಒತ್ತಿದ್ನಿ. ಹೇಳಿದಾಕಿ ಸುಮ್ಮನಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡದು ತಾನ ಕುರಿ ಕರಿಯೂ ಒಂದು ಉದ್ದಾನುದ್ದ ಕೂಗು ಹಾಕಿದ್ಲು. ದನಿ ಮಿತಿ ಮೀರಿದ್ರ ಹತ್ತೂ ನನ್ನ ಮಷೀನಿನ ಕೆಂಪು ದೀಪ ಎಲ್ಲಾ ಹತ್ತಿದ್ವು. ಆ ಕೂಗು ಮುಗಿಯೂದ್ರೊಳಗ ಮಗ ಎತ್ತಿಕೊಂಡ. ಒಂದ ದಮ್ಮಿಗೆ ಹಾಡು ಪೂರಾ ಹಾಡಿದ. ನಾ ಅಳಾಕತ್ತಿದ್ನಿ, ಅದನ್ನೂ ಹೇಳೇ ಬಿಡತೇನಿ. ಅವ್ವನ ಕೂಗು ತಗದು ಹಾಕೋಣೇನ್ರಿ ಅಂತ ಗಿಟಾರಿನಾಂವ ಕೇಳಿದ. ಅದನ್ನ ತಗದ್ರ ನಿನ್ನನ್ನೂ ತಗೀತೇನಿ ಅಂದ್ನಿ.

ಹಾಡು ಹೊರಗ ಬಿದ್ದಾಗ ಹಂಗಾಮು ಭರ್ತಿ ನಡದಿತ್ತು. ಕಬ್ಬಿನ ಟ್ರ್ಯಾಕ್ಟರಿನವರು ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿಕೊಂಡು ಹಾಡು ಹಚ್ಚತಾರಲಾ, ಅವರಾಗ ಯಾರರ ನಮ್ಮದನ್ನ ಹಚ್ಚತಾರೋ ಇಲ್ಲೋ ಅಂತ ನಾವು ಐದೂ ಮಂದಿ ಉಸಿರು ಬಿಗಿ ಹಿಡದಿದ್ವಿ. ಒಂದ ದಿನ ಮಧ್ಯಾಹ್ನ ಕಾರ್ಖಾನಿಯಿಂದ ಬೇಸಿನಾಂವ ಫೋನ್ ಮಾಡಿದ. ಬ್ಯಾಂಡ್ ಮುಚ್ಚೂ ಮಾತು ಇನ್ನ ಬ್ಯಾಡ್ರಿ ಸರ್, ಒಬ್ಬ ಟ್ರ್ಯಾಕ್ಟರಿನಾಂವ ನಮ್ಮ ಐದನೇ ಹಾಡು ಹಚ್ಚಿಕೊಂಡು ಬಂದಾನ, ದಾರಿ ತುಂಬ ಅದೊಂದನ್ನ ತಿರುಗಿ ತಿರುಗಿ ಹಚ್ಯಾನಂತ ಅಂದ. ನಾ ಕುಂತಾಂವ ಎದ್ದು ನಿಂತ್ನಿ. ಆದ್ರ ಅವನ ದನ್ಯಾಗ ಖುಷಿ ಜೋಡಿ ಮತ್ತೇನೋ ಇತ್ತು. ಏನಲೇ ಅಂದ್ನಿ.

ದಾರಿ ಬಾಜೂ ಮೇಯಾಕತ್ತಿದ್ದ ಅವ್ವನ ಕುರಿ ಆ ಕೂಗು ಕೇಳಿ ಟ್ರ್ಯಾಕ್ಟರಿನ ಬೆನ್ನ ಹತ್ಯಾವು. ಇನ್ನೇನ ಹೊಳ್ಳಬೇಕು ಅನ್ನೂದ್ರಾಗ ಹಾಡು ಮತ್ತ ಶುರುವಾಗಿ ಮತ್ತ ಕರದೈತಿ. ಹಿಂಗ ಹಿಂಡಿಗೆ ಹಿಂಡೇ ಕಾರ್ಖಾನಿಗೆ ಬಂದು, ಕಬ್ಬಿನ ಜೋಡಿ ತೂಕದ ಕಾಟಾ ಮ್ಯಾಲ ಹತ್ತಿ ನಿಂತೈತಿ. ಹಿಂದಿಂದ ಅವ್ವನೂ ಓಡಕೋತ ಬಂದಾಳ.

ಹಂಗಾರ ಚಿಂತಿಲ್ಲ ಬಿಡು, ಅವ್ವ ಕರದ್ರ ಇಳೀತಾವು ಅಂದ್ನಿ.

"ಅವ್ವ ಆಗಿಂದ ಕರ್ಯಾಕತ್ತಾಳ್ರಿ ಸರ್. ಒಂದೂ ಹೊಳ್ಳಿ ನೋಡವಲ್ದು. ಎಲ್ಲಾ ಸ್ಪೀಕರಿನ ಕಡೆ ಮುಖ ಮಾಡಿ ನಿಂತಾವು."