ಏಳನೇ ಕಿಂಡಿ

ಇಷ್ಟಕ್ಕೆಲ್ಲ ಕಾರಣ ಬೆರಳಗಲದ ಒಂದು ಹಳದಿ ಚೀಟಿ. ಹಿಂದೆ ಅಂಟು, ಮುಂದೆ ದುಂಡಗೆ ಬರೆದ ಒಂದು ಅಂಕಿ. ಇಂಥ ಇಪ್ಪತ್ನಾಲ್ಕು ಚೀಟಿಗಳನ್ನು ಇಪ್ಪತ್ನಾಲ್ಕು ಕೇಬಲ್‌ಗಳಿಗೆ ಅಂಟಿಸಿದ್ದನ್ನು ನೋಡಿ, ಕೊಡೆ ಕಾರ್ಖಾನೆಯ ಮ್ಯಾನೇಜರಮ್ಮ "ಕೆಲಸ ಎಂದರೆ ಹೀಗಿರಬೇಕು" ಎಂದು ಇಡೀ ಆಫೀಸಿಗೆ ಮೇಲ್ ಕಳಿಸಿಬಿಟ್ಟರು. ಅಂದೇ ಚಿಕ್ಕೋರ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

ಚಿಕ್ಕೋರು ಮೊದಲು ಚಿಕ್ಕೋರಾಗಿರಲಿಲ್ಲ. ಹನ್ನೊಂದು ವರ್ಷದಿಂದ ಆಫೀಸಿನ ಕಂಪ್ಯೂಟರುಗಳಿಗೆ ಹೋಗುವ ತಂತಿಯ ಜಾಲವನ್ನೆಲ್ಲ ಒಬ್ಬರೇ ನೋಡಿಕೊಂಡು 'ಸಾರ್' ಅನ್ನಿಸಿಕೊಂಡಿದ್ದವರು. ಮೂರು ತಿಂಗಳ ಹಿಂದೆ ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಅದೇ ವಿಭಾಗಕ್ಕೆ ಬಂದು ಸೇರಿದರು. ವಯಸ್ಸಿನಲ್ಲಿ ಎರಡು ವರ್ಷ ಹೆಚ್ಚು, ಎತ್ತರದಲ್ಲಿ ಒಂದು ಗೇಣು ಹೆಚ್ಚು. ಹಳದಿ ಚೀಟಿ ಅಂಟಿಸಿದವರು ಇವರೇ. ಜನ ಅವರನ್ನು ದೊಡ್ಡೋರು ಎಂದು ಕರೆದರು. ಒಬ್ಬರು ದೊಡ್ಡೋರಾದ ಮೇಲೆ ಇನ್ನೊಬ್ಬರು ಚಿಕ್ಕೋರಾಗದೆ ವಿಧಿಯಿದೆಯೇ?

ಮನೆಯಲ್ಲಾದರೂ ನೆಮ್ಮದಿಯೇ? ಈ ಕತೆ ನಡೆದ ದಿನ ಬೆಳಿಗ್ಗೆ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಶುರು ಮಾಡಿದಳು.

"ರೀ, ಇವತ್ತು ನಿಮ್ಮ ವಿಭಾಗಕ್ಕೆ ಮುಖ್ಯಸ್ಥರು ಯಾರು ಅಂತ ಗೊತ್ತಾಗುತ್ತಂತಲ್ಲ. ಭಾವನಿಗೇ ಸಿಗೋದು ಅಂತಿದ್ರು ಅಮ್ಮ."

"ನಿಮ್ಮಮ್ಮನಿಗೆ ಸ್ವಿಚ್ಚಿನ ಬಗ್ಗೆ ಏನು ಗೊತ್ತು?"

"ಸ್ವಿಚ್ಚಿನ ಬಗ್ಗೆ ಗೊತ್ತಿಲ್ಲ. ಅಳಿಯಂದಿರ ಬಗ್ಗೆ ಗೊತ್ತು."

ಗುಂಡಿ ಒಂದು ಕಿಂಡಿ ತಪ್ಪಿ ಕೂತಿತು. ಚಿಕ್ಕೋರು ಹಾಗೇ ಆಫೀಸಿಗೆ ಹೊರಟರು.

ಈ ಸ್ವಿಚ್ಚು ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಟಪಾಲು ವಿಭಾಗದ ಮೇಲ್ಗಡೆ, ಬೀಗ ಹಾಕಿದ ಕಬ್ಬಿಣದ ಗೂಡಿನಲ್ಲಿ ಕೂತಿರುವ ಚಪ್ಪಟೆ ಪೆಟ್ಟಿಗೆ. ಅದಕ್ಕೆ ಇಪ್ಪತ್ನಾಲ್ಕು ಕಿಂಡಿ, ಒಂದೊಂದು ಕಿಂಡಿಯಿಂದ ಒಂದೊಂದು ಮೇಜಿಗೆ ಕೇಬಲ್. ಇಪ್ಪತ್ನಾಲ್ಕು ಮಕ್ಕಳ ತಾಯಿ ಯಾರ ಅಂಗಿ ಯಾರದು ಎಂದು ಮರೆಯದೆ ಅವರವರಿಗೇ ತೊಡಿಸುವ ಹಾಗೆ, ಯಾರಿಗೆ ಬಂದದ್ದನ್ನು ಅವರಿಗೇ ಮುಟ್ಟಿಸುವುದು ಅದರ ಕೆಲಸ. ಯಾವ ಕಿಂಡಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ಹೇಳಬಹುದು. ಹಾಗೆ ಹೇಳುವ ಅಧಿಕಾರ ತಮ್ಮ ಕಂಪ್ಯೂಟರಿಗೆ ಮಾತ್ರ ಇರುವಂತೆ ಚಿಕ್ಕೋರು ಕಟ್ಟು ಮಾಡಿದ್ದರು. ಚೀಟಿಗಳ ಹೊಗಳಿಕೆ ಬಂದ ಮೇಲಂತೂ, ಒಂದು ಮೇಜಿನ ಕೇಬಲ್ಲನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದರೆ ಸ್ವಿಚ್ಚು ಒಪ್ಪದ ಹಾಗೆಯೂ ಮಾಡಿದ್ದರು. ಎಲ್ಲವೂ ಷಡ್ಡಕರ ಕೈ ತಾಗಬಾರದೆಂದು.

ಒಂಬತ್ತೂವರೆಗೆ ದೊಡ್ಡೋರು ಮ್ಯಾನೇಜರಮ್ಮನ ಕೋಣೆಯಿಂದ ನಗುತ್ತಾ ಹೊರಬಂದದ್ದನ್ನು ಚಿಕ್ಕೋರು ಕಂಡರು.

'ಬೆಣ್ಣೆ ಹಚ್ಚಿ ಬಂದ' ಎಂದುಕೊಂಡರು. ಒಲೆಗೆ ಇನ್ನೊಂದು ಕೊಳ್ಳಿ ಬಿತ್ತು.

ಉಪಾಯ ಹೊಳೆದದ್ದು ಆಗಲೇ. ದೊಡ್ಡೋರ ಕಿಂಡಿಯನ್ನು ಮುಚ್ಚಿಬಿಡುವುದು. ಮನುಷ್ಯ ಪರದಾಡುತ್ತಾನೆ, ಅವರಿವರ ಮುಂದೆ ಬೆವರುತ್ತಾನೆ, ಕಡೆಗೆ "ತಮ್ಮಾ, ಸ್ವಲ್ಪ ನೋಡಪ್ಪ" ಎಂದು ಬರುತ್ತಾನೆ. ಆಗ ಒಂದೇ ಒತ್ತಿಗೆ ತೆರೆದುಕೊಟ್ಟರೆ ಮುಖ್ಯಸ್ಥ ಯಾರಾಗಬೇಕೆಂದು ಮ್ಯಾನೇಜರಮ್ಮನಿಗೆ ಯಾರೂ ಹೇಳಬೇಕಾಗಿಲ್ಲ. ದೊಡ್ಡೋರದು ಏಳನೇ ಕಿಂಡಿ ಎಂದು ಚಿಕ್ಕೋರಿಗೆ ಬಾಯಿಪಾಠ. ಏಳನ್ನು ಆರಿಸಿದರು, 'ಮುಚ್ಚು' ಒತ್ತಿದರು. 'ಸೇವ್' ಮಾತ್ರ ಒತ್ತಲಿಲ್ಲ. ಎಷ್ಟಾದರೂ ಬಂಧು, ತುಂಟಾಟ ಶಾಶ್ವತವಾಗಬಾರದು. ಸೇವ್ ಮಾಡದ್ದನ್ನು ಸ್ವಿಚ್ಚು ಒಮ್ಮೆ ಆರಿ ಹತ್ತಿದರೆ ಮರೆತುಬಿಡುತ್ತದೆ.

ಆಗ ಗಂಟೆ ಹತ್ತು. ಚಿಕ್ಕೋರ ಪರದೆ ಬಿಳಿಚಿಕೊಂಡು ನಿಂತಿತು.

ಎದುರು ಸಾಲಿನಲ್ಲಿ ದೊಡ್ಡೋರು ಟಕಟಕ ಕುಟ್ಟುತ್ತಲೇ ಇದ್ದರು.

ಚಿಕ್ಕೋರಿಗೆ ಅನುಮಾನ ಬಂದು ಮೇಜಿನಡಿ ತೂರಿದರು. ತಮ್ಮ ಕೇಬಲ್ಲಿಗೂ ಹಳದಿ ಚೀಟಿ ಇತ್ತು. ಅದರ ಮೇಲೆ ಏಳು. ಚೀಟಿ ಅಂಟಿಸುವಾಗ ದೊಡ್ಡೋರು ಕೇಬಲ್‌ಗಳನ್ನೆಲ್ಲ ಮೇಜಿನ ಸಾಲಿನಂತೆ ಹೊಸದಾಗಿ ಜೋಡಿಸಿ, ಯಾವುದು ಯಾರದೆಂದು ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಚಿಕ್ಕೋರು ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಕುಂಟುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಈಗ ಎಳೆದು ಬಿಡಿಸಿದರು. ಎರಡು ಸಲ ಓದಿದರು. ಏಳರ ಮುಂದೆ ಇದ್ದದ್ದು ತಮ್ಮದೇ ಹೆಸರು. ಮೇಲೆ ಮೇಜು ಕುಂಟಿ ನೀರಿನ ಲೋಟ ಮಡಿಲಿಗೆ ಬಿತ್ತು.

"ಏನ್ ಚಿಕ್ಕೋರೇ, ಎಲ್ಲರದೂ ಓಡ್ತಿದೆ, ನಿಮ್ಮದೇ ಸತ್ತಿದೆಯಲ್ಲ!" ಟಪಾಲಿನ ಅಕ್ಕ ಅಲ್ಲಿಂದಲೇ ಕೂಗಿದಳು. "ದೊಡ್ಡೋರನ್ನ ಕರೀಲಾ?"

"ಬೇಡಮ್ಮಾ! ನಾನೇ ಸುಮ್ಮನೆ ಪರೀಕ್ಷೆ ಮಾಡ್ತಾ ಇದೀನಿ."

"ಒದ್ದೆ ಪ್ಯಾಂಟಲ್ಲಾ?"

ಉಗ್ರಾಣದ ತಾತನೂ ಎದ್ದು ಬಂದರು. "ತಂತಿ ಕಿತ್ತು ಒಮ್ಮೆ ಊದಪ್ಪ. ನಮ್ಮ ಕಾಲದ ರೇಡಿಯೋ ಎಲ್ಲ ಹಾಗೇ ಹಾಡ್ತಿದ್ದವು."

ಉಪದೇಶ ಕೊಡಲು ಸಾಲು ನಿಂತಿತು. ಒಬ್ಬರು ಪರದೆಯ ನೆತ್ತಿಗೆ ತಟ್ಟಿದರು, ಇನ್ನೊಬ್ಬರು ಕಣ್ಣಿನ ಡಾಕ್ಟರ ಹಾಗೆ ಅದರ ಮುಖಕ್ಕೆ ಟಾರ್ಚು ಬಿಟ್ಟರು. ಕ್ಷೌರಿಕನ ತಲೆಯಲ್ಲೇ ಜಡೆ ಕಟ್ಟಿದಂತಾಗಿತ್ತು ಚಿಕ್ಕೋರ ಸ್ಥಿತಿ. ಏಳನ್ನು ಮತ್ತೆ ತೆರೆಯಬೇಕಾದರೆ ತಮ್ಮ ಕಂಪ್ಯೂಟರೇ ಬೇಕು. ತಮ್ಮ ಕಂಪ್ಯೂಟರು ಕೆಲಸ ಮಾಡಬೇಕಾದರೆ ಏಳು ತೆರೆದಿರಬೇಕು. ಗೂಡಿನ ಬೀಗದ ಕೈ, ಚೀಟಿ ಅಂಟಿಸಿದಂದಿನಿಂದ, ಇರುವುದು ದೊಡ್ಡೋರ ಸೊಂಟದಲ್ಲಿ. ಕೇಳಿದರೆ 'ಯಾಕೆ' ಅಂತಾನೆ. ಯಾಕೆ ಎಂದು ಹೇಳುವುದಕ್ಕಿಂತ ನೆಲ ಬಾಯಿಬಿಟ್ಟರೆ ಮೇಲು.

ಹನ್ನೆರಡರ ಹೊತ್ತಿಗೆ ಮ್ಯಾನೇಜರಮ್ಮ ಅವರ ಮೇಜಿನ ಮುಂದೆ ನಿಂತರು. ಈ ತಾಯಿ ಬಾಯಿ ಬಿಡುವುದೇ ಅಪರೂಪ. ಬಾಯಿಮಾತಿಗೆ ಸಾಕ್ಷಿಯಿಲ್ಲ ಎಂದು ಎಲ್ಲವನ್ನೂ ಮೇಲ್‌ನಲ್ಲೇ ಬರೆಯುವವರು. ಪಕ್ಕದಲ್ಲೇ ಕೂತವರಿಗೂ 'ದಯವಿಟ್ಟು ಕಿಟಕಿ ಮುಚ್ಚಿ' ಎಂದು ಮೇಲ್ ಬರುತ್ತಿತ್ತು. ಆ ಮೇಲ್ ಆಫೀಸಿನ ಕಂಪ್ಯೂಟರು ಬಿಟ್ಟು ಮೊಬೈಲಿನಲ್ಲಿ ತೆರೆಯದ ಹಾಗೆ ಮಾಡಿದ್ದವರೂ ಚಿಕ್ಕೋರೇ.

"ಯೋಚನೆ ಮಾಡಿದ್ರಾ?" ಎಂದರು.

ಕೆಟ್ಟುಹೋದ ಸುದ್ದಿ ಇವರಿಗೂ ಮುಟ್ಟಿತಲ್ಲ ಎಂದು ಚಿಕ್ಕೋರು ಬೆವತರು. "ಅದೇ ಯೋಚನೇಲೇ ಇದೀನಿ ಮೇಡಂ. ಒಂದು ದಾರಿ ಹುಡುಕ್ತೀನಿ."

"ಮೂರು ಗಂಟೆ," ಎಂದು ಮ್ಯಾನೇಜರಮ್ಮ ಹೊರಟುಹೋದರು.

ಉಳಿದದ್ದು ಒಂದೇ ದಾರಿ. ಸ್ವಿಚ್ಚಿನ ಕರೆಂಟನ್ನು ಹತ್ತು ಎಣಿಸುವಷ್ಟು ಹೊತ್ತು ತೆಗೆದುಬಿಟ್ಟರೆ ಅದು ಬೆಳಗಿನ ಪಾಪವನ್ನು ಮರೆಯುತ್ತದೆ. ಪ್ಲಗ್ಗು ಇದ್ದದ್ದು ಉಗ್ರಾಣದ ತಾತನ ಬೆನ್ನ ಹಿಂದೆ, ಮಾದರಿ ಕೊಡೆಗಳ ಕಪಾಟಿನ ಸಂದಿಯಲ್ಲಿ. ತಾತ ಊಟದ ಹೊತ್ತಿನಲ್ಲೂ ಕದಲದೆ ಅಲ್ಲೇ ತೂಕಡಿಸಿದರು. ಎದ್ದು ಕೈತೊಳೆಯಲು ಹೋದಾಗ ಎರಡೂ ಮುಕ್ಕಾಲು.

ಚಿಕ್ಕೋರು ಬೆಕ್ಕಿನಂತೆ ಸಂದಿಗೆ ನುಸುಳಿದರು. ಮೊಣಕೈ ಒಂದು ಕೊಡೆಗೆ ತಾಗಿತು. ಅದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಜಾತಿಯದು. ಫಟ್! ಅದರ ಕಡ್ಡಿ ಪಕ್ಕದ್ದರ ಗುಂಡಿಗೆ, ಅದರದು ಇನ್ನೊಂದರದಕ್ಕೆ. ಫಟ್, ಫಟ್, ಫಟ್! ಕ್ಷಣದಲ್ಲಿ ಚಿಕ್ಕೋರು ಹದಿನಾರು ಕೊಡೆಗಳ ನಡುವೆ, ಕೋಸಿನೊಳಗಿನ ಹುಳದ ಹಾಗೆ ಸಿಕ್ಕಿಬಿದ್ದರು.

"ಯಾರದು ಅಲ್ಲಿ?" ಟಪಾಲಿನ ಅಕ್ಕನ ದನಿ.

"ಇಲಿ!" ಎಂದರು ಚಿಕ್ಕೋರು ಒಳಗಿನಿಂದ.

ಅಕ್ಕ ಕುರ್ಚಿ ಹತ್ತಿದಳು. "ಅಯ್ಯೋ, ಇಲಿ ಮಾತಾಡ್ತಿದೆ!"

"ಇಲಿ ಹಿಡೀತಾ ಇದೀನಮ್ಮಾ!"

ಇಲಿ ಹೊಡೆಯಲು ಆಫೀಸೇ ನೆರೆಯಿತು. ಕೊಡೆಗಳನ್ನು ಒಂದೊಂದಾಗಿ ಮುಚ್ಚಿ ಚಿಕ್ಕೋರನ್ನು ಹೊರಗೆಳೆಯುವ ಸಡಗರದಲ್ಲಿ ಮೂರು ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಯ ಕೊಡೆ ಮುಚ್ಚುವ ಮುನ್ನ ಚಿಕ್ಕೋರು ಅದರ ಮರೆಯಲ್ಲೇ ಪ್ಲಗ್ಗು ಕಿತ್ತರು. ಕೀಂ ಕೀಂ ಎಂದು ಬ್ಯಾಟರಿ ಪೆಟ್ಟಿಗೆ ಅಳತೊಡಗಿತು. ಕರೆಂಟು ಹೋದರೂ ಸ್ವಿಚ್ಚು ಆರಬಾರದೆಂದು ಅದನ್ನು ತಂದಿಟ್ಟವರೂ ಅವರೇ. ಅದರ ಗುಂಡಿಯನ್ನೂ ಅದುಮಿದರು. ಇಡೀ ಆಫೀಸಿನ ಜಾಲ ಸತ್ತಿತು. ಹತ್ತು ಎಣಿಸಿ, ಮತ್ತೆ ಹಚ್ಚಿದರು.

ಮೂರೂ ಹತ್ತಕ್ಕೆ ಚಿಕ್ಕೋರ ಪರದೆಗೆ ಜೀವ ಬಂತು. ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಡುವಷ್ಟರಲ್ಲಿ ಎರಡು ಮೇಲ್ ಬಂದು ಕೂತವು.

ಮೊದಲನೆಯದು ಹತ್ತು ಗಂಟೆ ಐದು ನಿಮಿಷದ್ದು. 'ವಿಭಾಗದ ಮುಖ್ಯಸ್ಥರಾಗಿ ನಿಮ್ಮನ್ನು ಆರಿಸಿದ್ದೇನೆ. ನಿಮ್ಮ ಷಡ್ಡಕರೇ ಬೆಳಿಗ್ಗೆ ಬಂದು, ಹನ್ನೊಂದು ವರ್ಷ ದುಡಿದ ನಿಮಗೇ ಇದು ಸಲ್ಲಬೇಕು ಎಂದರು. ಒಪ್ಪಿಗೆಯಿದ್ದರೆ ಮೂರು ಗಂಟೆಯೊಳಗೆ ಬರೆದು ತಿಳಿಸಿ. ಉತ್ತರ ಬರದಿದ್ದರೆ ಅವರಿಗೇ ಬಿಟ್ಟುಕೊಟ್ಟಿರಿ ಎಂದು ತಿಳಿಯುತ್ತೇನೆ.'

ಎರಡನೆಯದು ಮೂರು ಗಂಟೆಯದು. ಇಡೀ ಆಫೀಸಿಗೆ ಕಳಿಸಿದ್ದು. ಅದರಲ್ಲಿದ್ದದ್ದು ದೊಡ್ಡೋರ ಹೆಸರು, ಜೊತೆಗೆ ಚಿಕ್ಕೋರೇ ಬಿಟ್ಟುಕೊಟ್ಟರೆಂಬ ಮಾತು.

ಚಿಕ್ಕೋರು ಅದನ್ನು ಓದಿ ಮುಗಿಸುವ ಮೊದಲೇ ದೊಡ್ಡೋರು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ಯಾಕಪ್ಪಾ ತಮ್ಮಾ ಹೀಗ್ ಮಾಡ್ದೆ? ಮನೇಲಿ ನಿಮ್ಮತ್ತಿಗೆ ದಿನಾ 'ನನ್ನ ತಂಗಿ ಗಂಡನ್ನ ನೋಡಿ ಕಲೀರಿ, ಕೂತಲ್ಲೇ ಆಫೀಸು ಆಳ್ತಾನೆ' ಅಂತ ಚುಚ್ಚೋಳು. ನನಗೂ ಹೊಟ್ಟೆ ಉರೀತಿತ್ತು, ಸುಳ್ಳು ಹೇಳಲ್ಲ. ಆದ್ರೂ ಮನಸ್ಸು ಗಟ್ಟಿ ಮಾಡ್ಕೊಂಡು ನಿನ್ನ ಹೆಸರು ಹೇಳಿ ಬಂದೆ. ನೀನು ಅದನ್ನೂ ನನಗೇ ಬಿಟ್ಟುಕೊಟ್ಯಲ್ಲ!"

"ಎಂಥಾ ತ್ಯಾಗ!" ಟಪಾಲಿನ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಾತ ಚಪ್ಪಾಳೆ ತಟ್ಟಿದರು.

ನಿಜ ಹೇಳಿದರೆ ಏಳನೇ ಕಿಂಡಿಯ ಕತೆ ಹೊರಬೀಳುತ್ತದೆ. ಚಿಕ್ಕೋರು ಹರಳೆಣ್ಣೆ ಕುಡಿದ ಮುಖದಲ್ಲಿ ನಕ್ಕರು. "ಇರಲಿ ಬಿಡಣ್ಣ. ದೊಡ್ಡೋರು ನೀವು."

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಹೆಂಡತಿ. ಬೈಗುಳಕ್ಕೆ ಸಿದ್ಧರಾಗಿ ಚಿಕ್ಕೋರು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರು. ಆದರೆ ಆ ಕಡೆಯ ದನಿ ಮೆತ್ತಗಿತ್ತು.

"ರೀ, ಈಗ ಅಕ್ಕ ಫೋನ್ ಮಾಡಿದ್ಲು. ನೀವೇ ಭಾವನಿಗೆ ಬಿಟ್ಟುಕೊಟ್ರಂತೆ? ನನಗೆ ಕಣ್ಣಲ್ಲಿ ನೀರು ಬಂತು ಗೊತ್ತಾ."

ಚಿಕ್ಕೋರ ಎದೆ ಒಂದಿಷ್ಟು ತಣ್ಣಗಾಯಿತು. ಇದಾದರೂ ದಕ್ಕಿತಲ್ಲ ಎಂದು ಫೋನನ್ನು ಕಿವಿಗೆ ಹತ್ತಿರ ತಂದರು.

"ಮೂರೇ ತಿಂಗಳಿಗೆ ನಿಮಗೂ ಇಷ್ಟು ಒಳ್ಳೆ ಬುದ್ಧಿ ಬಂತಲ್ಲ," ಎಂದಳು ಹೆಂಡತಿ. "ಭಾವನ ಜೊತೆ ಇದ್ರೆ ಸುಮ್ನೇನಾ!"