ತಮ್ಮ ಪಾಲಿನ ಬಂಗಡೆಯ ಕುರಿತು

ಮಲ್ಲಾಪುರ, ನವೆಂಬರ್ 2006

ನೀಲಸಿಂಧು ಬೀಚ್ ರೆಸಾರ್ಟಿನ ಜನರಲ್ ಮ್ಯಾನೇಜರ್ ಅವರ ಸನ್ನಿಧಿಗೆ,

ಮಾನ್ಯರೇ,

ಕಡಲು, ಆಕಾಶ ಮತ್ತು ತಮ್ಮ ಈಜುಕೊಳ ಮೂರೂ ಕ್ಷೇಮವೆಂದು ನಂಬಿ, ಮೂರನೆಯದರ ಬಣ್ಣ ನಾವು ಹೊರಟ ದಿನದ ಹಸಿರಿಗಿಂತ ಮುಂದಕ್ಕೆ ಹೋಗಿರಲಾರದೆಂದು ಆಶಿಸಿ, ಈ ಪತ್ರವನ್ನು ವಿನಯದಿಂದ ಆರಂಭಿಸುತ್ತೇನೆ. ಕಳೆದ ಸೋಮವಾರ ನಾನು ಮತ್ತು ನನ್ನ ಪತಿ ಕೋಣೆ ಬಿಟ್ಟು ಹೊರಡುವಾಗ ತಾವು ನನ್ನಿಂದ ಒಂದು ದೂರು ಬೇಕೆಂದು ಕೇಳಿದ್ದಿರಿ. ಬಂದವರಿಂದ ತಾನಾಗಿ ದೂರು ಕೇಳಿ ಪಡೆಯುವ ಹೋಟೆಲನ್ನು ನಾನು ಹಿಂದೆ ಕಂಡಿರಲಿಲ್ಲವಾದ್ದರಿಂದ ಮೊದಲು ಮನಸ್ಸು ತುಂಬಿಬಂತು. ಆಮೇಲೆ ತಾವೇ ಟೈಪು ಮಾಡಿ ಇಟ್ಟಿದ್ದ ಇಂಗ್ಲಿಷ್ ಹಾಳೆಯನ್ನು ನನ್ನ ಮುಂದೆ ಸರಿಸಿದಿರಿ. ಮುಷ್ಕರ ಹೂಡಿದ ನೌಕರರು, ಅದರಲ್ಲೂ ರೂಪೇಶನೆಂಬ ಅಡಿಗೆಯವನು, ತಮ್ಮ ಸ್ವಾಗತ ಕಟ್ಟೆಯ ಮೇಲೆ ಕೊಳೆತ ಮೀನು ತಂದು ಸುರಿದು ಅತಿಥಿಗಳನ್ನು ಬೆದರಿಸಿದನೆಂದೂ, ಅದನ್ನು ಕಂಡು ನಾನು ಭಯಭೀತಳಾದೆನೆಂದೂ ಅದರಲ್ಲಿತ್ತು. ಕೆಳಗೆ ನನ್ನ ಹೆಸರಿಗೆ ಜಾಗ ಬಿಟ್ಟಿತ್ತು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಆ ಹಾಳೆಯಲ್ಲಿ ವ್ಯಾಕರಣದ ಒಂದು ತಪ್ಪೂ ಸಿಗದೆ ಹೋದಾಗ ಸಹಿ ಹಾಕದಿರಲು ಬೇರೆ ಕಾರಣ ಹುಡುಕಬೇಕಾಯಿತು. ಮನೆಗೆ ಹೋಗಿ ನನ್ನದೇ ಮಾತಿನಲ್ಲಿ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟೆ. ಇದೇ ಆ ದೂರು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು ಆದ ನನಗೆ ಕನ್ನಡ ಬಂದದ್ದು ಕಾರವಾರದ ಬಸ್ಸು ಮತ್ತು ಮೀನುಪೇಟೆಗಳಿಂದ. ಆದರೆ ಇದನ್ನು ತಾವಲ್ಲದೆ ಪೊಲೀಸರೂ ರೂಪೇಶನೂ ಓದಬೇಕಾಗಿರುವುದರಿಂದ ಮೂವರಿಗೂ ಆಗುವ ಭಾಷೆ ಇದೊಂದೇ ಎಂದು ತೋರಿತು. ವಾರಪತ್ರಿಕೆಯ ಮೂಲಕ ಕಳಿಸುತ್ತಿರುವುದಕ್ಕೂ ಅನ್ಯಥಾ ಭಾವಿಸಬಾರದು. ತಮ್ಮ ಕಚೇರಿಗೇ ತಲುಪಿಸೋಣವೆಂದರೆ ಅಲ್ಲಿ ಪತ್ರ ತೆಗೆದುಕೊಳ್ಳುವ ಹುಡುಗಿ ಗೇಟಿನ ಹೊರಗೆ ಮುಷ್ಕರದವರ ತಾಡಪಾಲಿನ ಕೆಳಗೆ ಕುಳಿತಿದ್ದಾಳೆ.

ಮೊದಲಿಗೆ, ತಮ್ಮ ಆತಿಥ್ಯಕ್ಕೆ ಕೃತಜ್ಞತೆ ಹೇಳದಿದ್ದರೆ ತಪ್ಪಾದೀತು. ಕೋಣೆ ಕಾದಿರಿಸಲು ಫೋನ್ ಮಾಡಿದಾಗ ತಾವು 'ಸಣ್ಣದೊಂದು ಅಡಚಣೆ' ಎಂದಿದ್ದಿರಿ; ನಾವು ಅದನ್ನು ಬಿಸಿನೀರಿನ ವಿಷಯವೆಂದು ತಿಳಿದೆವು. ಶನಿವಾರ ಬಂದು ನೋಡಿದರೆ ಅಷ್ಟು ದೊಡ್ಡ ಹೋಟೆಲಿನಲ್ಲಿ ಒಳಗಿದ್ದ ಸಿಬ್ಬಂದಿ ತಾವೊಬ್ಬರೇ. ನಮ್ಮ ಸೂಟ್‌ಕೇಸನ್ನು ತಾವೇ ಹೊತ್ತಿರಿ, ಕೋಣೆಯ ಬೀಗವನ್ನು ತಾವೇ ತೆಗೆದಿರಿ, ತಪ್ಪು ಕೋಣೆಯೆಂದು ತಿಳಿದಾಗ ಒಳಗಿದ್ದ ಬೆಳಗಾವಿಯ ದಂಪತಿಗಳ ಕ್ಷಮೆಯನ್ನೂ ತಾವೇ ಕೇಳಿದಿರಿ. ಊಟದ ಹೊತ್ತಿಗೆ ಟೈ ಕಟ್ಟಿಕೊಂಡೇ ಉಪ್ಪಿಟ್ಟು ಮಾಡಿದಿರಿ. ಆ ಉಪ್ಪಿಟ್ಟನ್ನು ನಾವು ಚಮಚದಿಂದ ತಿನ್ನಬೇಕೋ ಚಾಕುವಿನಿಂದ ತಿನ್ನಬೇಕೋ ಎಂದು ಯೋಚಿಸುತ್ತಿದ್ದಾಗ ತಾವು ಬಾಗಿಲಲ್ಲಿ ನಿಂತು ಎಲ್ಲವೂ ಸರಿಯಿದೆಯೇ ಎಂದು ಕೇಳಿದ ಆ ಮುಖ ಕಂಡು ನಾವು ಎರಡನೆಯ ಸಲ ಬಡಿಸಿಕೊಂಡೆವು. ಇದು ವ್ಯಂಗ್ಯವಲ್ಲ. ಸೋತ ಮನುಷ್ಯನ ಕೈಯ ಉಪ್ಪಿಟ್ಟನ್ನು ಬಿಡುವಷ್ಟು ಗಟ್ಟಿ ಮನಸ್ಸು ನನಗಿಲ್ಲ.

ಇನ್ನು ನೌಕರರ ಮೇಲಿನ ನನ್ನ ದೂರು. ಈ ಜನಕ್ಕೆ ಮುಷ್ಕರ ಮಾಡಲು ಬರುವುದಿಲ್ಲ, ಮಾನ್ಯರೇ. ಮುಷ್ಕರವೆಂದರೆ ಗಿರಾಕಿಗೆ ತೊಂದರೆಯಾಗಬೇಕು ಎಂಬ ಮೊದಲ ಪಾಠವೂ ಅವರಿಗೆ ತಿಳಿದಿಲ್ಲ. ಸಂಜೆ ವಾಕಿಂಗ್ ಎಂದು ನಾನು ಗೇಟು ದಾಟಿದ್ದೇ ತಡ, ಕೋಣೆಗಳನ್ನು ನೋಡಿಕೊಳ್ಳುವ ನಾಗಿ ಎದ್ದು ಬಂದು, "ಅಕ್ಕೋರೆ, ಚಾ ಆಯ್ತೆ? ಒಳಗೆ ಎಂತ ಸಿಕ್ತು ತಿನ್ನೂಕೆ?" ಎಂದಳು. ಉಪ್ಪಿಟ್ಟೆಂದೆ. "ಸಾಹೇಬ್ರು ಮಾಡಿದ್ದಾ? ಅಯ್ಯೊ ದೇವ್ರೇ, ಕೂತ್ಕಳಿ ಇಲ್ಲೇ," ಎಂದು ಚಹಾದ ಲೋಟ ಕೈಗಿಟ್ಟಳು. ಸಂಪಿನಲ್ಲಿ ಹೀಗೆಲ್ಲ ಮಾಡಬಹುದೇ ಎಂದು ನಾನು ಸಂಕೋಚದಿಂದ ಕೇಳಿದ್ದಕ್ಕೆ, "ಸಂಪು ಸಾಹೇಬ್ರ ಮೇಲೆ, ನಿಮ್ಮ ಹೊಟ್ಟೆ ಮೇಲೆ ಅಲ್ಲ," ಎಂದು ಉತ್ತರ ಬಂತು. ಒಗೆದ ಹೊದಿಕೆಗಳು ಯಾವ ಕಪಾಟಿನಲ್ಲಿವೆ, ನಮ್ಮ ಬಚ್ಚಲಿನ ನಲ್ಲಿಯನ್ನು ಯಾವ ಕಡೆಗೆ ತಿರುಗಿಸಿ ಸ್ವಲ್ಪ ಎತ್ತಬೇಕು ಎಂಬುದನ್ನೂ ಗೇಟಿನ ಆಚೆಯಿಂದಲೇ ಹೇಳಿದಳು. ಒಳಗೆ ಕಾಲಿಡುವುದಿಲ್ಲವೆಂದು ಎಲ್ಲರೂ ಆಣೆ ಮಾಡಿದ್ದರಂತೆ. ಆಣೆ ಕಾಲಿಗೆ ಮಾತ್ರ, ಬಾಯಿಗಲ್ಲ.

ಮುಷ್ಕರದ ಕಾರಣವನ್ನು ತಿಳಿದದ್ದೂ ಅಲ್ಲಿಯೇ. ನಾವು ಬರುವ ಹಿಂದಿನ ವಾರ ಒಂದು ಬೆಳಿಗ್ಗೆ ತಮ್ಮ ಹೋಟೆಲಿನ ಎದುರಿಗೇ ಬಂಗಡೆ ಮೀನಿನ ಹಿಂಡು ದಡಕ್ಕೆ ಬಂತು. ದೋಣಿಯವರು ರಂಪಣಿ ಬಲೆಯನ್ನು ಸುತ್ತ ಬಿಟ್ಟು ಎರಡು ಕಡೆಯ ಹಗ್ಗವನ್ನೂ ದಡಕ್ಕೆ ತಂದರು. ಆ ಹಗ್ಗವನ್ನು ಎಳೆಯುವುದು ಒಂದು ಮನೆಯವರಿಂದಾಗುವ ಕೆಲಸವಲ್ಲ. ಕೂಗು ಬಿದ್ದಾಗ ಇದ್ದವರು ಇದ್ದಲ್ಲಿಂದ ಓಡಬೇಕು. ಯಂತ್ರದ ಬೋಟುಗಳು ಬಂದ ಮೇಲೆ ಇಂಥ ಕೂಗೇ ಅಪರೂಪ. ರೂಪೇಶ ಕಾವಲಿಯ ಮೇಲಿದ್ದ ದೋಸೆಯನ್ನು ತಟ್ಟೆಗೆ ಹಾಕಿ, ಒಲೆ ಆರಿಸಿ, ಓಡಿದ. ಬಲೆ ಅವನ ಮಾವ ದೇವಿದಾಸರದು. ಅವನು ಒದ್ದೆ ಬಟ್ಟೆಯಲ್ಲಿ ಹಿಂದಿರುಗುವಷ್ಟರಲ್ಲಿ, ಕರ್ತವ್ಯದ ವೇಳೆಯಲ್ಲಿ ತನ್ನ ಸ್ಥಾನ ಬಿಟ್ಟು ಬಲೆ ಎಳೆಯಲು ಹೋದದ್ದಕ್ಕಾಗಿ ತಾವು ಅವನನ್ನು ಕೆಲಸದಿಂದ ತೆಗೆದಿದ್ದಿರಿ. ಮಧ್ಯಾಹ್ನದೊಳಗೆ ಉಳಿದವರೆಲ್ಲ ಹೊರಗಿದ್ದರು. ತೋಟದ ಬೊಮ್ಮು ಗೌಡರಂತೂ ಹೊಲಗದ್ದೆಯವರು, ಅವರಿಗೂ ಬಲೆಗೂ ಸಂಬಂಧವಿಲ್ಲ. ನೀವೇಕೆ ಎದ್ದಿರಿ ಎಂದು ಅವರನ್ನು ಕೇಳಿದೆ. "ಇವತ್ತು ಮೀನಿಗೆ ಓಡಿದವ್ನ ತೆಗ್ದ್ರು, ನಾಳೆ ನಮ್ಮ ಗದ್ದೆ ಕೊಯ್ಲಿಗೆ ಹೋದ್ರೆ ಬಿಡ್ತ್ರ್ಯಾ?" ಎಂದರು.

ಕಡಲಿಗೆ ತಮ್ಮ ನಿಯಮಾವಳಿ ತಿಳಿಯದ ಕಾರಣ ಭಾನುವಾರ ಬೆಳಿಗ್ಗೆ ಮತ್ತೆ ಹಿಂಡು ಬಂತು. ತಾಡಪಾಲಿನ ಕೆಳಗೆ ಘೋಷಣೆ ಕೂಗುತ್ತಿದ್ದವರು ಅರ್ಧ ಘೋಷಣೆಯಲ್ಲೇ ಎದ್ದು ಓಡಿದರು. ತಮ್ಮ ಉಪ್ಪಿಟ್ಟಿಗೆ ಕಾಯುತ್ತ ದಂಡೆಯಲ್ಲಿ ತಿರುಗುತ್ತಿದ್ದ ನಾವು, ಬೆಳಗಾವಿಯವರು, ಎಲ್ಲರೂ, ಇದು ತಾವು ಅತಿಥಿಗಳಿಗಾಗಿ ಏರ್ಪಡಿಸಿದ ಕಾರ್ಯಕ್ರಮವೋ ಏನೋ ಎಂದುಕೊಂಡು ಹತ್ತಿರ ಹೋದೆವು. "ನೋಡ್ತಾ ನಿತ್ರೆ ಮೀನು ಬರ್ತದಾ? ಹಿಡ್ಕಳಿ ಅಕ್ಕೋರೆ," ಎಂದು ನಾಗಿ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಕಾರವಾರದಲ್ಲೇ ಹುಟ್ಟಿ ಬೆಳೆದ ನಾನು ಆ ಹಗ್ಗವನ್ನು ಮುಟ್ಟಿದ್ದು ಅದೇ ಮೊದಲು. ಇಷ್ಟು ವರ್ಷ ಬಂಗಡೆ ಬುಟ್ಟಿಯಲ್ಲಿ ಹುಟ್ಟುತ್ತದೆ ಎಂಬಂತೆ ಬದುಕಿದ್ದೆನಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದಾಗ ತಾವು ದರ್ಶನ ಕೊಟ್ಟಿರಿ.

ಅತಿಥಿಗಳು ದಯವಿಟ್ಟು ಹಗ್ಗ ಬಿಡಬೇಕೆಂದು ತಾವು ಇಂಗ್ಲಿಷಿನಲ್ಲಿ ವಿನಂತಿಸಿದಿರಿ. ಬಿಡುವಂತಿರಲಿಲ್ಲ, ಬಲೆ ಭಾರವಾಗಿತ್ತು. ಆಗ ತಾವು ನನ್ನ ಪತಿಯನ್ನು ಬಿಡಿಸಲೆಂದು ಅವರ ಕೈಯಲ್ಲಿದ್ದ ಹಗ್ಗಕ್ಕೆ ಕೈ ಹಾಕಿದಿರಿ. ಅದೇ ಹೊತ್ತಿಗೆ ಒಂದು ತೆರೆ ತಮ್ಮ ಮೊಣಕಾಲಿಗೆ ಬಡಿಯಿತು. ಬೀಳದಿರಲು ತಾವು ಎರಡೂ ಕೈಯಲ್ಲಿ ಹಗ್ಗ ಹಿಡಿದಿರಿ. ಇಲ್ಲಿಯವರೆಗಿನದು ಆಕಸ್ಮಿಕವೆಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಆದರೆ ತೆರೆ ಇಳಿದ ಮೇಲೂ ತಾವು ಬಿಡಲಿಲ್ಲ. ಹಿಂದಿನವರು "ಹೋಯ್" ಎಂದು ಕೂಗಿ ಎಳೆದಾಗ ತಾವೂ ಎಳೆದಿರಿ, ಅದರ ಮುಂದಿನ ಸಲ ತಾವೂ "ಹೋಯ್" ಎಂದಿರಿ. ನಾನು ತಮ್ಮ ಬೆನ್ನ ಹಿಂದೆಯೇ ಇದ್ದೆ. ಬಲೆಯಲ್ಲಿ ಬೆಳ್ಳಿಯ ಹಾಗೆ ಮೀನು ಹಾರತೊಡಗಿದಾಗ ತಾವು ಜನರಲ್ ಮ್ಯಾನೇಜರ್ ಎಂಬುದು ತಮಗೂ ನಮಗೂ ಸ್ವಲ್ಪ ಹೊತ್ತು ನೆನಪಿರಲಿಲ್ಲ. ನೆನಪಾದ ಕೂಡಲೇ ತಾವು ಪ್ಯಾಂಟು ಬದಲಿಸಲು ಒಳಗೆ ಹೋದಿರಿ.

ಹೀಗೆ ಹೋದದ್ದರಿಂದ ಮುಂದಿನದನ್ನು ತಾವು ನೋಡಲಿಲ್ಲ. ನಮ್ಮ ಈ ದಡದಲ್ಲಿ ರಂಪಣಿಯ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ದಾರಿಹೋಕನಿಗೂ ಉಂಟು, ಬೆಳಗಾವಿಯವರಿಗೂ ಉಂಟು. ದೇವಿದಾಸರು ಮರಳಿನ ಮೇಲೆ ಮೀನನ್ನು ಗುಡ್ಡೆ ಮಾಡಿಸುತ್ತ ಬಂದು, ಕೊನೆಗೆ, "ಸಾಹೇಬ್ರದು ಒಂದು ತೆಗೀರಿ," ಎಂದರು. ರೂಪೇಶ ಎದ್ದು ನಿಂತ. "ನನ್ನ ಕೆಲ್ಸ ತೆಗ್ದವಂಗೆ ಪಾಲು ಎಂತಕ್ಕೆ, ಮಾಮಾ?"

"ಕೈ ಹಾಕಿದ್ರೋ ಇಲ್ವೋ?"

"ಬೀಳ್ತಾ ಇದ್ರು, ಹಿಡ್ಕಂಡ್ರು."

"ಬಿದ್ದವ್ನು ಹಿಡ್ಕಂಡ್ರೂ ಹಗ್ಗ ಹಗ್ಗವೇ. ಕೆಲ್ಸದ್ದು ಬೇರೆ, ಬಲೆದು ಬೇರೆ. ಒಬ್ಬಂಗೆ ತಪ್ಸಿದ್ರೆ ನಾಳೆ ಕೂಗಿದ್ರೆ ಯಾರು ಬರ್ತ್ರು? ನೀನೇ ಕೊಟ್ಬಾ."

ಗೇಟು ದಾಟಿದರೆ ಮುಷ್ಕರ ಮುರಿದಂತೆ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಸ್ವಲ್ಪ ಚರ್ಚೆಯಾಗಿ, ಕಡಲ ಕಡೆಯಲ್ಲಿ ಗೇಟಿಲ್ಲದ ಕಾರಣ ಆ ಕಡೆಯಿಂದ ಹೋದರೆ ಆಣೆಗೆ ಭಂಗವಿಲ್ಲವೆಂದು ತೀರ್ಮಾನವಾಯಿತು. ರೂಪೇಶ ನಾಗಿಯ ಬುಟ್ಟಿಯಲ್ಲಿ ಮೀನು ತುಂಬಿ, ಮುಖ ಗಂಟು ಹಾಕಿಕೊಂಡೇ ಹೊರಟ. ಟವೆಲ್ ತರಲು ಹೋಗುತ್ತಿದ್ದ ನಾನು ಅವನ ಜೊತೆಗೇ ಇದ್ದೆ. ಅವನು ಬುಟ್ಟಿಯನ್ನು ಸ್ವಾಗತ ಕಟ್ಟೆಯ ಮೇಲೆ ಇಟ್ಟ, ಮೇಲೆ ಬಾಳೆ ಎಲೆ ಮುಚ್ಚಿದ, ಅಲ್ಲಿದ್ದ ಗಂಟೆ ಬಾರಿಸಿದ. ಬಹಳ ಹೊತ್ತು ಕಾದ. ಯಾರೂ ಬರಲಿಲ್ಲ, ಏಕೆಂದರೆ ಗಂಟೆಗೆ ಬರಬೇಕಾದವರೆಲ್ಲ ದಂಡೆಯಲ್ಲಿ ಮೀನು ಸುಡುತ್ತಿದ್ದರು. ಬುಟ್ಟಿಯಲ್ಲಿದ್ದ ಬಂಗಡೆಯ ಕಣ್ಣು ಆ ಹೊತ್ತಿನಲ್ಲಿ ನನ್ನ ಕಣ್ಣಿಗಿಂತ ಹೊಳಪಾಗಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದು ಕೊಳೆತದ್ದು ಆಮೇಲೆ, ತಮ್ಮ ಆವರಣದಲ್ಲಿ, ತಮ್ಮ ಸ್ವಾಧೀನದಲ್ಲಿ. ನಾನಾದರೂ ತಮ್ಮನ್ನು ಹುಡುಕಿ ಹೇಳಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಬಾಯಲ್ಲಿ ಮೀನಿತ್ತು.

ಸಂಜೆ ವಾಸನೆಯ ಬೆನ್ನು ಹಿಡಿದು ತಾವು ಬುಟ್ಟಿಯನ್ನು ಕಂಡುಹಿಡಿದಿರಿ. ಕರೆದಾಗ ಬಂದ ಪೊಲೀಸರು ಮೀನನ್ನು ಹೂಳಿಸಿ, ಬುಟ್ಟಿಯನ್ನು ಸಾಕ್ಷ್ಯವೆಂದು ಠಾಣೆಗೆ ಒಯ್ದರು. ತಾವು ಹೇಳಿದ ಹೆಸರು ರೂಪೇಶನದು. ಮಾನ್ಯರೇ, ಗಡಿಯ ಮಾಜಾಳಿಯ ಆಚೆ ಗೋವಾದ ಹೋಟೆಲುಗಳಲ್ಲಿ ಅವನಂಥ ಅಡಿಗೆಯವನಿಗೆ ಕೆಲಸ ಸಿಗದೆ ಇರುವುದಿಲ್ಲ. ಆದರೆ ಮ್ಯಾನೇಜರರಿಗೆ ಮೀನು ತೋರಿಸಿ ಬೆದರಿಸಿದವನೆಂದು ಪೊಲೀಸರಲ್ಲಿ ಹೆಸರಿರುವವನನ್ನು ಯಾವ ಅಡಿಗೆಮನೆಯೂ ಒಳಗೆ ಬಿಡುವುದಿಲ್ಲ, ತಮ್ಮದೂ ಸೇರಿದಂತೆ. ಸೋಮವಾರ ನಾವು ಹೊರಟಾಗ ಅವನು ತಾಡಪಾಲಿನ ಕಂಬಕ್ಕೆ ಒರಗಿ ನಿಂತಿದ್ದ. "ಬೈದು ಹೋಗಿದ್ರೆ ಕೇಸಾದ್ರೂ ಸಮ ಇತ್ತು ಅಕ್ಕೋರೆ. ಪಾಲು ಕೊಟ್ಟಿದ್ದಕ್ಕೆ ಕೇಸು," ಎಂದ. ನಕ್ಕ. ನಮಗೆ ನಗು ಬರಲಿಲ್ಲ.

ಆದ್ದರಿಂದ ತಾವು ಬಯಸಿದ ಸಾಕ್ಷ್ಯವನ್ನು ಇಲ್ಲಿ ಸಂತೋಷದಿಂದ ಕೊಡುತ್ತಿದ್ದೇನೆ: ಆ ಮೀನು ತಮ್ಮದು. ತಮ್ಮ ದುಡಿಮೆಯಿಂದ ಬಂದದ್ದು. ತಮ್ಮ ವಸ್ತುವನ್ನು ತಮಗೆ ತಲುಪಿಸಿದವನ ಮೇಲೆ ಯಾವ ಕಲಮಿನಡಿ ಮೊಕದ್ದಮೆ ಹೂಡಬಹುದೆಂದು ಬಲ್ಲವರು ತಿಳಿಸಬೇಕು. ಇದರ ಜೊತೆಗೆ ಇನ್ನೊಂದು ಸಂದೇಹವೂ ನನ್ನನ್ನು ಕಾಡುತ್ತಿದೆ. ಕಾನೂನು ಓದದವಳಾದ್ದರಿಂದ ತಪ್ಪಿದ್ದರೆ ತಿದ್ದಬೇಕು. ಭಾನುವಾರ ಬೆಳಿಗ್ಗೆ ತಾವೂ ಕರ್ತವ್ಯದಲ್ಲಿದ್ದಿರಿ. ತಾವೂ ಸ್ಥಾನ ಬಿಟ್ಟು ಬಂದು ಬಲೆ ಎಳೆದಿರಿ. ರೂಪೇಶನಾದರೂ ಒಲೆ ಆರಿಸಿ ಬಂದಿದ್ದ. ತಮ್ಮ ಉಪ್ಪಿಟ್ಟು ಅಂದು ತಳ ಹಿಡಿದದ್ದಕ್ಕೆ ನಾವೆಲ್ಲ ಸಾಕ್ಷಿ. ಒಂದೇ ತಪ್ಪಿಗೆ ಒಂದೇ ಶಿಕ್ಷೆ ಎಂದಾದರೆ ತಾವು ತಮ್ಮನ್ನು ಕೂಡಲೇ ಕೆಲಸದಿಂದ ತೆಗೆಯಬೇಕಾಗುತ್ತದೆ. ಅದಕ್ಕಾಗಿ ಅಂಜಬೇಕಾಗಿಲ್ಲ. ತಾಡಪಾಲಿನ ಕೆಳಗೆ ನಾಗಿಯ ಪಕ್ಕದಲ್ಲಿ ಜಾಗವಿದೆ, ಚಹಾ ಚೆನ್ನಾಗಿರುತ್ತದೆ, ಮತ್ತು ತಮ್ಮನ್ನು ವಾಪಸು ತೆಗೆದುಕೊಳ್ಳುವವರೆಗೆ ಅವರೆಲ್ಲ ಏಳುವುದಿಲ್ಲವೆಂದು ನನಗೆ ಖಾತ್ರಿಯಿದೆ. ಇಷ್ಟು ಕಷ್ಟ ಬೇಡವೆನಿಸಿದರೆ ರೂಪೇಶನನ್ನು ಒಲೆಯ ಮುಂದೆ ಮತ್ತೆ ನಿಲ್ಲಿಸಿ. ಇವೆರಡೂ ಆಗದೆಂದಾದರೆ, ಇನ್ನು ಮುಂದೆ ತಿಂಡಿಯ ಸಮಯ ಮುಗಿದ ಮೇಲೆಯೇ ದಡಕ್ಕೆ ಬರಬೇಕೆಂದು ಬಂಗಡೆಗಳಿಗೆ ತಮ್ಮ ಮುದ್ರೆಯಿರುವ ಹಾಳೆಯಲ್ಲಿ ಒಂದು ಸುತ್ತೋಲೆ ಹೊರಡಿಸಬೇಕಾಗಿ ಪ್ರಾರ್ಥನೆ. ಅದಕ್ಕೆ ಅವು ಓಗೊಟ್ಟರೆ ನಾನೂ ತಮ್ಮ ಆ ಇಂಗ್ಲಿಷ್ ಹಾಳೆಗೆ ಸಹಿ ಹಾಕುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಅದೇ ಹಗ್ಗದಲ್ಲಿ ತಮ್ಮ ಹಿಂದಿನ ಕೈ,

ಲತಾ ಹಣಕೋಣಕರ

ತಾ.ಕ.: ಮೀನು ತಮ್ಮ ಬಾಯಿಗೆ ಮುಟ್ಟಲಿಲ್ಲವಾದ್ದರಿಂದ ತಮ್ಮ ಪಾಲು ಇನ್ನೂ ಬಾಕಿಯೇ ಎಂದು ದೇವಿದಾಸರ ಹಟ. ಅವರ ಮಾತಿನಂತೆ ನಾಗಿ ಬೇರೆ ಬಂಗಡೆಗೆ ಉಪ್ಪು ಹಾಕಿ, 'ಖಾಸಗಿ ಕಡಲತೀರ' ಎಂಬ ತಮ್ಮ ಫಲಕದ ಬುಡದಲ್ಲೇ ಒಣಗಿಸುತ್ತಿದ್ದಾಳೆ. ಬೊಮ್ಮು ಗೌಡರು ಕಾಗೆ ಓಡಿಸುತ್ತಾರೆ. ತಾವು ಯಾವಾಗ ಬೇಕಾದರೂ ಬಂದು ಒಯ್ಯಬಹುದು. ಒಂದೇ ತೊಡಕು, ತುಂಬಿಕೊಡಲು ಬುಟ್ಟಿಯಿಲ್ಲ. ಠಾಣೆಯಲ್ಲಿರುವುದು ನಾಗಿಯ ಅತ್ತೆಯದಂತೆ, ಮನೆಯಲ್ಲಿ ದಿನವೂ ಅದರದೇ ಜಗಳವಂತೆ. ದಯವಿಟ್ಟು ಬರುವಾಗ ಅದನ್ನು ಬಿಡಿಸಿಕೊಂಡು ಬನ್ನಿ. ಪೊಲೀಸರು ಹೆಚ್ಚೇನೂ ಕೇಳಲಾರರು. ಅದರಲ್ಲಿದ್ದ ಮೀನು ಯಾರದೆಂದು ಕೇಳಿದಾಗ ತಾವು "ನನ್ನದು" ಎಂದರೆ ಸಾಕು.